ಬೇಸ್‌ಮೆಂಟಿನಲ್ಲಿ ಒಣಗಿದ ಡೇಲಿಯಾ, ಗ್ಯಾರೇಜಿನಲ್ಲಿ ಕೊಳೆತ ಗೆಡ್ಡೆ

ಪ್ರಶ್ನೆ: “ನಾನು ಶ್ರೀರಂಗಪಟ್ಟಣ ತಾಲ್ಲೂಕಿನವಳು. ನಮ್ಮ ಹಿತ್ತಿಲಿನಲ್ಲಿ ಸುಗಂಧರಾಜ, ಗ್ಲಾಡಿಯೋಲಸ್ ಮತ್ತು ಡೇಲಿಯಾ ಮೂವತ್ತು ವರ್ಷಗಳಿಂದ ಇವೆ. ಕಳೆದ ವರ್ಷ ಮೇ ಕೊನೆಯಲ್ಲಿ ಶಿಕಾಗೊ ಪಕ್ಕದ ಊರಿನಲ್ಲಿರುವ ಮಗಳ ಮನೆಗೆ ಹೋದಾಗ, ಅಲ್ಲಿನ ಅಂಗಡಿಯಿಂದಲೇ ಈ ಮೂರರ ಗೆಡ್ಡೆಗಳನ್ನು ತಂದು ಜೂನ್ ಎರಡನೆಯ ವಾರದಲ್ಲಿ ನೆಟ್ಟೆ. ಗ್ಲಾಡಿಯೋಲಸ್, ಡೇಲಿಯಾ ಎರಡೂ ಚೆನ್ನಾಗಿ ಹೂ ಬಿಟ್ಟವು. ಸುಗಂಧರಾಜ ಹುಲ್ಲಿನಂತೆ ಎಲೆ ಬಿಟ್ಟಿತೇ ಹೊರತು ಒಂದು ಹೂಕಡ್ಡಿಯೂ ಬರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಎಲ್ಲವನ್ನೂ ಅಗೆದು, ತೊಳೆದು, ಒಂದು ವಾರ ಬಿಸಿಲಿಗೆ ಹರಡಿ, ಅರ್ಧವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬೇಸ್‌ಮೆಂಟಿನ ಫರ್ನೇಸ್ (ಮನೆಯನ್ನು ಬಿಸಿಮಾಡುವ ಯಂತ್ರ) ಪಕ್ಕದಲ್ಲೂ ಉಳಿದರ್ಧವನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಗ್ಯಾರೇಜಿನಲ್ಲೂ ಇಟ್ಟು ಊರಿಗೆ ಬಂದೆ. ಈ ಏಪ್ರಿಲ್‌ನಲ್ಲಿ ಮಗಳು ತೆರೆದು ನೋಡಿದರೆ ಡಬ್ಬದಲ್ಲಿದ್ದದ್ದೆಲ್ಲ ಕಪ್ಪು ಲೋಳೆ. ಪೆಟ್ಟಿಗೆಯಲ್ಲಿ ಡೇಲಿಯಾ ಒಣಶುಂಠಿಯಂತಾಗಿದೆ, ಗ್ಲಾಡಿಯೋಲಸ್ ಆಗಲೇ ಮೊಳೆತಿದೆ, ಸುಗಂಧರಾಜ ಮಾತ್ರ ಗಟ್ಟಿಯಾಗಿದೆ. ಡೇಲಿಯಾದಲ್ಲಿ ಎರಡು ಗೊಂಚಲನ್ನು ಮಗಳು ಎಸೆಯದೆ ಇಟ್ಟಿದ್ದಾಳೆ. ಅಗೆಯುವುದೇ ಬೇಡ, ಮೇಲೆ ತರಗೆಲೆ ಹೊದಿಸಿದರೆ ಸಾಕು ಎಂದು ಅಲ್ಲಿನ ಪಕ್ಕದ ಮನೆಯವರು ಹೇಳುತ್ತಾರೆ. ಗೆಡ್ಡೆಗೆ ಚಳಿ ಬೇಕೆಂದು ಯಾರೋ ಹೇಳಿದ್ದನ್ನು ಕೇಳಿ, ಊರಿಗೆ ಬಂದ ಮೇಲೆ ಇಲ್ಲಿನ ಸುಗಂಧರಾಜ ಮತ್ತು ಗ್ಲಾಡಿಯೋಲಸ್ ಗೆಡ್ಡೆಗಳನ್ನೂ ಫ್ರಿಜ್ಜಿನಲ್ಲಿಟ್ಟು ಫೆಬ್ರವರಿಯಲ್ಲಿ ನೆಟ್ಟೆ. ಗ್ಲಾಡಿಯೋಲಸ್ ಒಂದೇ ಸಮ ಹುಟ್ಟಿತು, ಸುಗಂಧರಾಜ ಕೊಳೆಯಿತು. ನಾನು ಎಲ್ಲಿ ತಪ್ಪಿದೆ? ನಮ್ಮ ಊರಿನಲ್ಲೂ ಪ್ರತಿ ವರ್ಷ ಅಗೆಯಬೇಕೆ? ಮುಂದಿನ ತಿಂಗಳು ಮತ್ತೆ ಹೊರಟಿದ್ದೇನೆ. ಇಲ್ಲಿಂದಲೇ ನಮ್ಮ ಸುಗಂಧರಾಜದ ಗೆಡ್ಡೆ ಒಯ್ಯಬಹುದೆ?”

ಉತ್ತರ: ನಿಮಗೆ ಅರಿವಿಲ್ಲದೆಯೇ ನೀವು ಒಂದು ಒಳ್ಳೆಯ ಪ್ರಯೋಗ ಮಾಡಿದ್ದೀರಿ. ಒಂದೇ ದಿನ ಅಗೆದು ಒಂದೇ ರೀತಿ ಒಣಗಿಸಿದ ಮೂರು ಜಾತಿಯ ಗೆಡ್ಡೆಗಳನ್ನು ಎರಡು ಕಡೆ ಇಟ್ಟಿರಿ. ಗ್ಯಾರೇಜಿನಲ್ಲಿ ಮೂರೂ ಸತ್ತವು; ಫರ್ನೇಸ್ ಪಕ್ಕದಲ್ಲಿ ಒಂದು ಒಣಗಿತು, ಒಂದು ಹೊತ್ತಿಗೆ ಮುಂಚೆ ಎದ್ದಿತು, ಇನ್ನೊಂದು ಸುಖವಾಗಿ ಮಲಗಿತ್ತು. ಹಾಗೆ ಬೆಚ್ಚಗೆ ಮಲಗಿದ್ದ ಸುಗಂಧರಾಜವೇ ಇಲ್ಲಿ ನಿಮ್ಮ ಮನೆಯ ಫ್ರಿಜ್ಜಿನಲ್ಲಿ ಕೊಳೆಯಿತು, ಅಲ್ಲಿ ಅವಸರಪಟ್ಟ ಗ್ಲಾಡಿಯೋಲಸ್ ಅದೇ ಫ್ರಿಜ್ಜಿನಿಂದ ಹೊರಬಂದು ಒಂದೇ ಸಮ ಹುಟ್ಟಿತು. ಈ ಐದಾರು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಿಮ್ಮ ಬಹುಪಾಲು ಪ್ರಶ್ನೆಗಳಿಗೆ ಉತ್ತರ ಅಲ್ಲಿಯೇ ಸಿಗುತ್ತದೆ. ನೆಲದಡಿ ಉಬ್ಬಿದ್ದಕ್ಕೆಲ್ಲ ನಾವು ಗೆಡ್ಡೆ ಎಂದು ಒಂದೇ ಹೆಸರಿಟ್ಟಿದ್ದೇವೆ. ಹೆಸರು ಒಂದೇ ಆದ್ದರಿಂದ ಕಾಪಿಡುವ ಕ್ರಮವೂ ಒಂದೇ ಇರಬೇಕೆಂದು ನೀವು ನಂಬಿದಿರಿ, ತಪ್ಪಿದ್ದು ಅಷ್ಟೇ.

ಮೂರನ್ನೂ ಒಮ್ಮೆ ಅಡ್ಡಲಾಗಿ ಕತ್ತರಿಸಿ ನೋಡಿ. ಸುಗಂಧರಾಜದ್ದು ಈರುಳ್ಳಿಯ ರಚನೆ: ಎಲೆಗಳ ಬುಡವೇ ದಪ್ಪನಾಗಿ ಒಂದರ ಮೇಲೊಂದು ಸುತ್ತಿಕೊಂಡಿರುತ್ತದೆ, ಹೊರಗೆ ಒಣ ಸಿಪ್ಪೆ ಇರುತ್ತದೆ. ಗ್ಲಾಡಿಯೋಲಸ್‌ನದು ಪದರವಿಲ್ಲದ ಗಟ್ಟಿ ಬಿಲ್ಲೆ, ಎಂದರೆ ಕುಗ್ಗಿ ಚಪ್ಪಟೆಯಾದ ಕಾಂಡ. ಅದಕ್ಕೂ ನಾರಿನಂಥ ಒಣ ಹೊದಿಕೆ ಇದೆ. ಡೇಲಿಯಾದ್ದು ಸಿಹಿಗೆಣಸಿನಂತೆ ಉಬ್ಬಿದ ಬೇರು. ಅದಕ್ಕೆ ಹೊದಿಕೆ ಎಂಬುದೇ ಇಲ್ಲ. ಇರುವ ತೊಗಲು ಉಗುರು ತಾಗಿದರೆ ಸುಲಿದುಬರುವಷ್ಟು ತೆಳು. ಸಿಪ್ಪೆ ಇರುವವನ್ನು ಈರುಳ್ಳಿಯ ಹಾಗೆ ಒಣದಾಗಿ, ಗಾಳಿಯಾಡುವಂತೆ ಇಡಬೇಕು. ಸಿಪ್ಪೆ ಇಲ್ಲದವನ್ನು ಬಿತ್ತನೆ ಶುಂಠಿಯ ಹಾಗೆ ಇಡಬೇಕು. ಪಿರಿಯಾಪಟ್ಟಣ, ಹುಣಸೂರು ಕಡೆಯ ಶುಂಠಿ ಬೆಳೆಗಾರರು ಬಿತ್ತನೆಯ ಗೆಡ್ಡೆಗಳನ್ನು ನೆರಳಿನ ಗುಂಡಿಯಲ್ಲಿ ಮರಳು ಅಥವಾ ಮರದ ಹೊಟ್ಟಿನ ನಡುವೆ ಪದರಪದರವಾಗಿ ಜೋಡಿಸಿ, ಮೇಲೆ ಗಾಳಿಗೆ ಸ್ವಲ್ಪ ಜಾಗ ಬಿಟ್ಟು ಮುಚ್ಚುವುದನ್ನು ನೀವೂ ನೋಡಿರಬಹುದು. ಹೊಟ್ಟು ಒದ್ದೆಯೂ ಅಲ್ಲ, ತೀರ ಒಣಗಿದ್ದೂ ಅಲ್ಲ. ಮುಷ್ಟಿಯಲ್ಲಿ ಹಿಂಡಿದರೆ ನೀರು ಇಳಿಯಬಾರದು, ಬಿಟ್ಟರೆ ಉದುರಬೇಕು. ಡೇಲಿಯಾಕ್ಕೆ ಬೇಕಾದದ್ದು ಅದೇ ಉಪಚಾರ. ನೀವು ಅದನ್ನು ಒಂದು ವಾರ ಬಿಸಿಲಿಗೆ ಹರಡಿದಾಗಲೇ ಅದರ ನೀರು ಅರ್ಧ ಹೋಗಿತ್ತು. ಉಳಿದದ್ದನ್ನು ಫರ್ನೇಸ್ ಪಕ್ಕದ ಒಣಗಾಳಿ ಐದು ತಿಂಗಳು ಹೀರಿತು.

ನನಗೂ ಈ ಪಾಠ ಸಲೀಸಾಗಿ ಬರಲಿಲ್ಲ. ಕೆಲಸದ ಹೊಸತರಲ್ಲಿ, ಮೈಸೂರಿನ ಕುಪ್ಪಣ್ಣ ಉದ್ಯಾನದ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಬೆಳೆಸಬೇಕೆಂದು ಒಳ್ಳೆಯ ಡೇಲಿಯಾ ಗೆಡ್ಡೆಗಳನ್ನು ಆರಿಸಿ, ಬೇಸಿಗೆಯಲ್ಲಿ ತಗಡಿನ ಚಾವಣಿಯ ಕೊಠಡಿಯೊಂದರಲ್ಲಿ ಬರಿಯ ಬಿದಿರು ಬುಟ್ಟಿಯಲ್ಲಿ ಇಟ್ಟಿದ್ದೆ. ಮೇ ಕೊನೆಯಲ್ಲಿ ಬುಟ್ಟಿಯನ್ನು ಎತ್ತಿದ ಕ್ಷಣವೇ, ಒಳಗೆ ನೋಡುವ ಮೊದಲೇ, ಅದರ ಹಗುರದಿಂದಲೇ ಸಂಗತಿ ತಿಳಿಯಿತು.

ಇನ್ನು ಚಳಿಯ ವಿಷಯ. ಗೆಡ್ಡೆಗೆ ಚಳಿ ಬೇಕು ಎಂಬ ಮಾತು ಸುಳ್ಳಲ್ಲ, ಆದರೆ ಅದು ಬೇರೆ ಗಿಡಗಳ ಮಾತು. ಟ್ಯೂಲಿಪ್, ಡಾಫೊಡಿಲ್‌ಗಳು ಚಳಿಗಾಲವಿರುವ ನಾಡಿನವು. ಅವುಗಳ ಗೆಡ್ಡೆಯನ್ನು ಶರತ್ಕಾಲದಲ್ಲಿ ನೆಟ್ಟು, ಹಲವು ವಾರಗಳ ತಣ್ಣನೆಯ ಮಣ್ಣಿನ ಅನುಭವ ಸಿಕ್ಕಿದ ಮೇಲೆಯೇ ಅವು ವಸಂತದಲ್ಲಿ ನೆಟ್ಟಗೆ ಕಾಂಡ ಎತ್ತುತ್ತವೆ. ನೀವು ನೆಟ್ಟ ಮೂರಕ್ಕೂ ಅಂಥ ಇತಿಹಾಸವಿಲ್ಲ. ಡೇಲಿಯಾ ಮತ್ತು ಸುಗಂಧರಾಜ ಎರಡೂ ಮೆಕ್ಸಿಕೋದವು. ನಮ್ಮ ಹೊಲಗಳ ಬದುವಿನ ಮೇಲಿರುವ ಕತ್ತಾಳೆಯೂ ಅಲ್ಲಿಂದಲೇ ಬಂದದ್ದು, ಮತ್ತು ಸಸ್ಯವಿಜ್ಞಾನಿಗಳು ಈಗ ಸುಗಂಧರಾಜವನ್ನು ಕತ್ತಾಳೆಯ ಕುಲದಲ್ಲಿಯೇ ಸೇರಿಸಿದ್ದಾರೆ ಎಂದರೆ ನಿಮಗೆ ಸೋಜಿಗವಾಗಬಹುದು. ನಾವು ಬೆಳೆಯುವ ಗ್ಲಾಡಿಯೋಲಸ್ ತಳಿಗಳ ಮೂಲ ಬಹುಮಟ್ಟಿಗೆ ದಕ್ಷಿಣ ಆಫ್ರಿಕಾ. ತಮ್ಮ ನಾಡಿನಲ್ಲಿ ಇವು ಗೆಡ್ಡೆ ಕಟ್ಟುವುದು ಮಳೆ ಇಲ್ಲದ ತಿಂಗಳುಗಳನ್ನು ಕಳೆಯಲಿಕ್ಕೆ. ಹೆಪ್ಪುಗಟ್ಟುವ ನೆಲವನ್ನು ತಾಳಿಕೊಳ್ಳುವ ಏರ್ಪಾಟು ಅವುಗಳಲ್ಲಿ ಇಲ್ಲ. ತುಂಬಾ ನೀರಿರುವ ಇಂಥ ಗೆಡ್ಡೆಯೊಳಗೆ ನೀರು ಹರಳುಗಟ್ಟಿದಾಗ ಜೀವಕೋಶಗಳ ಪೊರೆ ಹರಿಯುತ್ತದೆ. ಕರಗಿದ ಮೇಲೆ ಉಳಿಯುವುದು ನಿಮ್ಮ ಮಗಳು ಕಂಡ ಕಪ್ಪು ಲೋಳೆ. ಬಿಸಿಮಾಡದ ಗ್ಯಾರೇಜು ಶಿಕಾಗೊದ ಜನವರಿಯಲ್ಲಿ ಸೊನ್ನೆ ಡಿಗ್ರಿಯ ಕೆಳಗೆ ಹೋಗದಿದ್ದರೆ ಅದೇ ಆಶ್ಚರ್ಯ. ಪ್ಲಾಸ್ಟಿಕ್ ಮುಚ್ಚಳ ಒಳಗಿನ ಹಬೆಯನ್ನು ಹಿಡಿದಿಟ್ಟದ್ದು ಎರಡನೆಯ ತಪ್ಪು, ಆದರೆ ಅಲ್ಲಿ ಮುಚ್ಚಳ ತೆಗೆದಿದ್ದರೂ ಗೆಡ್ಡೆಗಳು ಉಳಿಯುತ್ತಿರಲಿಲ್ಲ.

ಹೆಪ್ಪುಗಟ್ಟದೆಯೂ ಚಳಿ ಕೊಲ್ಲಬಲ್ಲದು. ನಂಜನಗೂಡಿನ ರಸಬಾಳೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದನ್ನು ನೋಡಿದ್ದೀರಲ್ಲ? ಅಲ್ಲಿ ನೀರು ಹರಳುಗಟ್ಟಿಲ್ಲ. ಉಷ್ಣವಲಯದ ಅಂಗಾಂಶ ಅಷ್ಟು ತಂಪಿಗೇ ಸೋಲುತ್ತದೆ. ಸುಗಂಧರಾಜದ ಗೆಡ್ಡೆಯನ್ನು 15ರಿಂದ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು ಕ್ಷೇಮ. 10 ಡಿಗ್ರಿಗಿಂತ ಕೆಳಗೆ ಬಹುಕಾಲ ಇದ್ದರೆ ಒಳಗಿನ ಮೊಗ್ಗಿನ ಕುಡಿಯೇ ಕೆಡುತ್ತದೆ, ಆಮೇಲೆ ಕೊಳೆ. ನಿಮ್ಮ ಫ್ರಿಜ್ಜಿನಲ್ಲಿ ಆದದ್ದು ಅದು. ಅದೇ 4 ಡಿಗ್ರಿಯ ತಂಪು ಗ್ಲಾಡಿಯೋಲಸ್‌ಗೆ ಒಗ್ಗುತ್ತದೆ. ಅಗೆದ ಹೊಸತರಲ್ಲಿ ಅದಕ್ಕೆ ಗಾಢ ನಿದ್ರೆ ಇರುತ್ತದೆ, ಮತ್ತು ಸುಮಾರು ಮೂರು ತಿಂಗಳ ತಂಪು ಆ ನಿದ್ರೆಯನ್ನು ಮುರಿಯುತ್ತದೆ. ನಮ್ಮ ಕಡೆಯ ಬೆಳೆಗಾರರು ಗ್ಲಾಡಿಯೋಲಸ್ ಬಿತ್ತನೆಯನ್ನು ಶೈತ್ಯಾಗಾರಕ್ಕೆ ಕಳುಹಿಸುವುದು ಇದೇ ಕಾರಣಕ್ಕೆ. ನೀವು ಸುಗಂಧರಾಜವನ್ನು ಅದರ ಜೊತೆಗೆ ಕಳುಹಿಸಿದಿರಿ.

ತರಗೆಲೆಯ ಸಲಹೆಯನ್ನು ಶಿಕಾಗೊದಲ್ಲಿ ನಂಬಬೇಡಿ. ನೆರೆಯವರು ಸುಳ್ಳು ಹೇಳಿದರೆಂದಲ್ಲ. ಅಮೆರಿಕದ ತೆಂಕಣ ರಾಜ್ಯಗಳಲ್ಲಿ, ಚಳಿಗಾಲದ ಕನಿಷ್ಠ ತಾಪಮಾನ ನೋಡಿ ಅವರು ಊರುಗಳನ್ನು ವಿಂಗಡಿಸಿದ ಲೆಕ್ಕದ (ಅಂಕೆ ಹೆಚ್ಚಿದಷ್ಟೂ ಬೆಚ್ಚಗೆ) 8ನೆಯ ವಲಯ ಮತ್ತು ಅದಕ್ಕಿಂತ ಬೆಚ್ಚಗಿನ ಕಡೆ, ಡೇಲಿಯಾ, ಕ್ಯಾನಾಗಳನ್ನು ದಪ್ಪ ಹೊದಿಕೆಯಡಿ ನೆಲದಲ್ಲಿಯೇ ಉಳಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ಆದರೆ ಶಿಕಾಗೊ ಸುತ್ತಮುತ್ತಲಿನದು 5 ಮತ್ತು 6ನೆಯ ವಲಯ. ಅಲ್ಲಿನ ಕೊರೆಯುವ ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆ ಊರಿನಲ್ಲಿ ಮನೆ ಕಟ್ಟುವವರು ಅಡಿಪಾಯವನ್ನು 42 ಅಂಗುಲ ಆಳಕ್ಕೆ ಇಳಿಸಬೇಕೆಂಬ ಲೆಕ್ಕ ಹಾಕುವುದು, ನೆಲ ಹೆಪ್ಪುಗಟ್ಟಿ ಉಬ್ಬಿ ಗೋಡೆ ಎತ್ತೀತು ಎಂಬ ಭಯದಿಂದ. ಗೆಡ್ಡೆ ಇರುವುದು ನಾಲ್ಕರಿಂದ ಆರು ಅಂಗುಲದಲ್ಲಿ. ತರಗೆಲೆ ಚಳಿಯನ್ನು ಕೆಲವು ವಾರ ತಡಮಾಡಬಹುದು, ತಡೆಯಲಾರದು. ಮನೆಯ ಬಿಸಿಗೋಡೆಗೆ ಅಂಟಿದ ದಕ್ಷಿಣದ ಪಾತಿಯಲ್ಲಿ ಒಂದೆರಡು ವರ್ಷ ಗೆದ್ದವರೂ ಇದ್ದಾರೆ. ಕಳೆದುಕೊಂಡರೆ ಬೇಸರವಾಗದ ಗೆಡ್ಡೆಯೊಂದನ್ನು ಹಾಗೆ ಬಿಟ್ಟು ನೋಡುವುದಾದರೆ ನನ್ನ ಅಡ್ಡಿಯಿಲ್ಲ.

ಆದ್ದರಿಂದ ಅಲ್ಲಿ ಅಗೆಯಲೇಬೇಕು. ಮೂರರಲ್ಲಿ ಹೆಚ್ಚು ಜಾಣತನ ಬೇಡುವುದು ಡೇಲಿಯಾ. ಅಕ್ಟೋಬರ್‌ನಲ್ಲಿ ಮೊದಲ ಹಿಮ (ಹೆಪ್ಪುಗಟ್ಟಿದ ಇಬ್ಬನಿ) ಬಿದ್ದು ಎಲೆಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾದ ಮೇಲೆ, ಕಾಂಡವನ್ನು ನಾಲ್ಕೈದು ಅಂಗುಲ ಉಳಿಸಿ ಕತ್ತರಿಸಿ, ಒಂದು ವಾರ ಹಾಗೆಯೇ ಬಿಡಿ. ಡೇಲಿಯಾ ಗೆಡ್ಡೆ ದಪ್ಪವಾಗುವುದು ಹಗಲು ಚಿಕ್ಕದಾದಂತೆ, ಆದ್ದರಿಂದ ಸೆಪ್ಟೆಂಬರ್‌ನಲ್ಲಿಯೇ ಅವಸರಪಟ್ಟು ಅಗೆದವರಿಗೆ ಸಿಗುವುದು ಬೆರಳಿನಷ್ಟು ತೆಳುವಾದ ಬೇರು, ಅದು ಚಳಿಗಾಲ ದಾಟುವುದಿಲ್ಲ. ಕಾಂಡ ಪೊಳ್ಳು ಎಂಬುದು ನೆನಪಿರಲಿ: ಕತ್ತರಿಸಿದ ಕೊಳವೆಯಲ್ಲಿ ಮಳೆನೀರು ನಿಂತರೆ ಅದು ನೇರ ಬುಡಕ್ಕೆ ಇಳಿದು ಕೊಳೆಸುತ್ತದೆ, ಅದಕ್ಕೆ ಒಂದು ತುಂಡು ಅಲ್ಯೂಮಿನಿಯಂ ಹಾಳೆಯ ಟೋಪಿ ಹಾಕಿ. ಗುದ್ದಲಿಯನ್ನು ಕಾಂಡದಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಇಳಿಸಿ, ಮಣ್ಣಿನ ಹೆಂಟೆಯ ಸಮೇತ ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಎಳೆದರೆ ಕೆಟ್ಟಿತು.

ಎಳೆದರೆ ಏಕೆ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ದೊಡ್ಡ ಗೆಡ್ಡೆ ಸಿಕ್ಕಿತೆಂದು ಸಂತೋಷಪಟ್ಟು ಮುಂದಿನ ವರ್ಷ ಮೊಳಕೆಯನ್ನು ಕಾಣದವರು ಬಹಳ ಜನ. ಡೇಲಿಯಾದ ಉಬ್ಬಿದ ಭಾಗದಲ್ಲಿ ಕಣ್ಣು ಇರುವುದಿಲ್ಲ. ಆಲೂಗೆಡ್ಡೆಯಲ್ಲಿ ಮೈಯೆಲ್ಲ ಕಣ್ಣು. ಡೇಲಿಯಾದಲ್ಲಿ ಹಳೆಯ ಕಾಂಡದ ಬುಡ ಮತ್ತು ಗೆಡ್ಡೆಯ ಕತ್ತು ಕೂಡುವ ಅರ್ಧ ಅಂಗುಲದ ಉಂಗುರದಲ್ಲಿ ಮಾತ್ರ, ಗುಂಡುಸೂಜಿಯ ತಲೆಯಷ್ಟು ಚಿಕ್ಕದಾದ, ಕೆಲವೊಮ್ಮೆ ನಸುಗೆಂಪಿನ ಉಬ್ಬುಗಳಾಗಿ ಕಣ್ಣು ಇರುತ್ತವೆ. ಕತ್ತು ಮುರಿದ ಗೆಡ್ಡೆ ಎಷ್ಟೇ ದಪ್ಪವಿದ್ದರೂ, ನೆಟ್ಟರೆ ಬೇರು ಬಿಟ್ಟೀತು, ಗಿಡವಾಗದು. ಕತ್ತನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲನೆ ಅಲ್ಲಾಡಿಸಿ. ಗಟ್ಟಿಯಾಗಿ ನಿಂತರೆ ಉಳಿಸಿ, ಬಟ್ಟೆಯಂತೆ ತೂಗಾಡಿದರೆ ಮುರಿದಿದೆ. ಶರತ್ಕಾಲದಲ್ಲಿ ಕಣ್ಣು ಸರಿಯಾಗಿ ಕಾಣಿಸುವುದಿಲ್ಲವಾದ್ದರಿಂದ, ಅನುಭವವಿರುವವರು ಆಗಲೇ ಬಿಡಿಸಿ ಇಟ್ಟರೂ, ನೀವು ಗೊಂಚಲನ್ನು ಇಡಿಯಾಗಿ ಇಟ್ಟು ವಸಂತದಲ್ಲಿ ಕಣ್ಣು ಊದಿದ ಮೇಲೆ ಕತ್ತರಿಸುವುದು ಮೇಲು. ಇಡೀ ಗೊಂಚಲಿಗೆ ಜಾಗ ಹೆಚ್ಚು ಬೇಕು, ನಡುವಿನ ಸಂದಿಯಲ್ಲಿ ಕೊಳೆ ಅಡಗಿರಬಹುದು ಎಂಬುದು ಅದರ ತೊಂದರೆ.

ಅಗೆದದ್ದನ್ನು ತೊಳೆಯಬೇಕೆ, ಬೇಡವೆ? ಎರಡೂ ಪಂಥದವರಿದ್ದಾರೆ. ಜೇಡಿಮಣ್ಣಾದರೆ ತೊಳೆಯಿರಿ, ಉದುರುವ ಮಣ್ಣಾದರೆ ಹಾಗೆಯೇ ಕೊಡವಿ. ಬಳಿಕ ಕಾಂಡ ಕೆಳಮುಖವಾಗಿರುವಂತೆ ನೆರಳಿನಲ್ಲಿ ಒಂದೆರಡು ದಿನ ಮಾತ್ರ ಆರಲು ಬಿಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ ಅಥವಾ ತೂತು ಮಾಡಿದ ಡಬ್ಬದಲ್ಲಿ ವರ್ಮಿಕ್ಯುಲೈಟ್ (ಶಾಖಕ್ಕೆ ಉಬ್ಬಿಸಿದ ಹಗುರವಾದ ಖನಿಜದ ಚೂರು), ಮರದ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿಯ ನಡುವೆ, ಒಂದಕ್ಕೊಂದು ತಾಗದಂತೆ ಹೂಳಿಡಿ. ಜಾಗ 4ರಿಂದ 10 ಡಿಗ್ರಿ, ಅಲ್ಲಿನವರ ಲೆಕ್ಕದಲ್ಲಿ 40ರಿಂದ 50 ಫ್ಯಾರನ್‌ಹೀಟ್ ಇರಬೇಕು. ಬೇಸ್‌ಮೆಂಟ್ ಒಂದೇ ಕೊಠಡಿಯಂತೆ ಕಂಡರೂ ಫರ್ನೇಸ್‌ನ ಪಕ್ಕಕ್ಕೂ, ಹೊರಗೋಡೆಯ ಕಿಟಕಿಯ ಕೆಳಗಿನ ಮೂಲೆಗೂ ಹತ್ತು ಡಿಗ್ರಿಯ ಅಂತರ ಇರಬಹುದು. ಕನಿಷ್ಠ–ಗರಿಷ್ಠ ಎರಡನ್ನೂ ದಾಖಲಿಸುವ ಸಣ್ಣ ಥರ್ಮಾಮೀಟರ್ ಒಂದನ್ನು ಮಗಳು ಕೊಂಡು ಒಂದು ವಾರ ಆ ಮೂಲೆಯಲ್ಲಿಟ್ಟು ನೋಡಲಿ. ಸೇಬಿನ ಬುಟ್ಟಿ ಅದೇ ಮೂಲೆಯಲ್ಲಿ ಇರಬಾರದು, ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಕುಡಿಗಳನ್ನು ಕೆಡಿಸುತ್ತದೆ. ತಿಂಗಳಿಗೊಮ್ಮೆ ಕೈ ಹಾಕಿ ನೋಡಬೇಕು: ಸುಕ್ಕು ಕಂಡರೆ ಹೊಟ್ಟಿನ ಮೇಲೆ ನೀರು ಚಿಮುಕಿಸಿ, ಮೆತ್ತಗಿನ ಜಾಗ ಸಿಕ್ಕರೆ ಗಟ್ಟಿ ಭಾಗದವರೆಗೆ ಕೊಯ್ದು ತೆಗೆಯಿರಿ. ಬಿಟ್ಟುಹೋಗಿ ಆರು ತಿಂಗಳ ಮೇಲೆ ತೆರೆಯುವ ಪದ್ಧತಿ ಡೇಲಿಯಾಕ್ಕೆ ಆಗಿಬರುವುದಿಲ್ಲ, ಮಗಳಿಗೆ ಅಷ್ಟು ಪುರಸೊತ್ತು ಇಲ್ಲವೆಂದಾದರೆ ಡೇಲಿಯಾವನ್ನು ಕಾಪಿಡುವ ಯೋಚನೆಯನ್ನೇ ಬಿಡಿ.

ಗ್ಲಾಡಿಯೋಲಸ್ ಅಷ್ಟು ಕಾಡುವುದಿಲ್ಲ. ಎಲೆ ಹಳದಿಯಾದ ಮೇಲೆ ಅಗೆದು, ಎಲೆ ಕತ್ತರಿಸಿ, ಬೆಚ್ಚಗಿನ ಗಾಳಿಯಲ್ಲಿ ಎರಡು–ಮೂರು ವಾರ ಒಣಗಿಸಿದರೆ, ಅಡಿಯಲ್ಲಿ ಅಂಟಿರುವ ಹೋದ ವರ್ಷದ ಸುಕ್ಕುಬಿಲ್ಲೆಯನ್ನು ಹೆಬ್ಬೆರಳಿನಿಂದ ನೂಕಿದಾಗ ಚಟ್ಟನೆ ಕಳಚಿಕೊಳ್ಳುತ್ತದೆ. ಕಳಚದಿದ್ದರೆ ಇನ್ನೂ ಒಣಗಿಲ್ಲ. ನೆಟ್ಟ ಗೆಡ್ಡೆ ಪ್ರತಿ ವರ್ಷ ಸತ್ತು ಅದರ ನೆತ್ತಿಯ ಮೇಲೆ ಹೊಸದು ಹುಟ್ಟುವುದು ಇದರ ಸ್ವಭಾವ. ಬುಡದ ಸುತ್ತ ಸಿಗುವ ಮೆಣಸು, ಕಡಲೆಯಷ್ಟರ ಮರಿಗಳು ಹೂ ಬಿಡಲು ಇನ್ನೂ ಎರಡು–ಮೂರು ವರ್ಷ ಬೇಕು. ಬಲೆಚೀಲದಲ್ಲಿ ತೂಗುಹಾಕಿ 2ರಿಂದ 7 ಡಿಗ್ರಿಯಲ್ಲಿ ಇಡಿ. ಫರ್ನೇಸ್ ಪಕ್ಕದ ಸೆಕೆಯಲ್ಲಿ ಅದು ಏಪ್ರಿಲ್‌ಗೆ ಮುಂಚೆಯೇ ಮೊಳೆತದ್ದು ಸಹಜ, ಅಲ್ಲದೆ ಥ್ರಿಪ್ಸ್ ನುಸಿಗಳು ಸಿಪ್ಪೆಯಡಿಯಲ್ಲಿ ಬದುಕಿ ಉಳಿಯಲು ಆ ಸೆಕೆ ಅನುಕೂಲ. ಈಗ ಮೊಳೆತಿರುವವು ಗಟ್ಟಿಯಿದ್ದರೆ ಮೊಳಕೆ ಮುರಿಯದಂತೆ ನೆಡಬಹುದು. ಎಲೆಯ ಮೇಲೆ ಬೆಳ್ಳಿಯ ಗೀರುಗಳು ಕಂಡರೆ ಈ ವರ್ಷ ಅವನ್ನು ಉಳಿಸಿಕೊಳ್ಳದೆ ಎಸೆದುಬಿಡಿ.

ಸುಗಂಧರಾಜ ಏಕೆ ಹೂ ಬಿಡಲಿಲ್ಲ ಎಂಬುದು ನಿಮ್ಮನ್ನು ಹೆಚ್ಚು ನೋಯಿಸಿದಂತಿದೆ. ನಾಟಿಯಿಂದ ಹೂಕಡ್ಡಿಯವರೆಗೆ ಅದಕ್ಕೆ ಸುಮಾರು ನಾಲ್ಕು ತಿಂಗಳ ಬೆಚ್ಚನೆಯ ಕಾಲ ಬೇಕು. ಶ್ರೀರಂಗಪಟ್ಟಣದಲ್ಲಿ ವರ್ಷವೆಲ್ಲ ಅಂಥ ಕಾಲವೇ. ಡಿಸೆಂಬರ್–ಜನವರಿಯ ರಾತ್ರಿಗಳಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇರುತ್ತದೆ. ಶಿಕಾಗೊದಲ್ಲಿ ಹಿಮದ ಭಯ ಮುಗಿಯುವುದು ಮೇ ನಡುವೆ, ಮತ್ತೆ ಆರಂಭವಾಗುವುದು ಅಕ್ಟೋಬರ್ ನಡುವೆ. ನೀವು ಜೂನ್ ಎರಡನೆಯ ವಾರ ನೆಟ್ಟಾಗಲೇ ಒಂದು ತಿಂಗಳು ಕಳೆದಿತ್ತು. ಸೆಪ್ಟೆಂಬರ್‌ನ ತಣ್ಣನೆಯ ರಾತ್ರಿಗಳು ಬರುವ ಹೊತ್ತಿಗೆ ಗಿಡ ಕಡ್ಡಿ ಎತ್ತುವ ತಯಾರಿಯಲ್ಲಿ ಇದ್ದಿರಬೇಕು. ಅಂಗಡಿಯಿಂದ ತಂದದ್ದು ಚಿಕ್ಕ ಗೆಡ್ಡೆಗಳೂ ಆಗಿದ್ದಿರಬಹುದು, ಏಕೆಂದರೆ ಎರಡು ಸೆಂಟಿಮೀಟರಿಗಿಂತ ಕಡಿಮೆ ದಪ್ಪದ್ದು ಸಾಮಾನ್ಯವಾಗಿ ಮೊದಲ ವರ್ಷ ಎಲೆಯನ್ನೇ ಬಿಡುತ್ತದೆ. ಒಮ್ಮೆ ಹೂ ಕೊಟ್ಟ ತಾಯಿಗೆಡ್ಡೆ ಮತ್ತೆ ಹೂ ಕೊಡುವುದಿಲ್ಲ, ಅದರ ಮಕ್ಕಳು ಕೊಡುತ್ತವೆ. ಇದು ನಿಮಗೆ ಹಿತ್ತಿಲಿನಿಂದಲೇ ಗೊತ್ತಿರುತ್ತದೆ. ಅಲ್ಲಿ ಉಳಿದಿರುವವು ಇನ್ನೂ ಹೂ ಬಿಟ್ಟಿಲ್ಲವಾದ್ದರಿಂದ ಅವುಗಳ ಸರದಿ ಬಾಕಿ ಇದೆ. ಒಂದನ್ನು ಬಲಿಕೊಟ್ಟು ಉದ್ದಕ್ಕೆ ಸೀಳಿ ನೋಡಲು ಮಗಳಿಗೆ ಹೇಳಿ: ನಡುವಿನ ಕುಡಿ ಬಿಳಿ ಅಥವಾ ತಿಳಿಹಸಿರಾಗಿದ್ದರೆ ಜೀವವಿದೆ, ಕಂದಾಗಿ ಪೊಳ್ಳಾಗಿದ್ದರೆ ಇಲ್ಲ.

ಜೀವವಿದ್ದರೆ ನೀವು ಹೋಗುವವರೆಗೆ ಕಾಯದೆ ಅವಳು ಈ ವಾರವೇ ಅವನ್ನು ಕುಂಡಗಳಲ್ಲಿ ನೆಟ್ಟು, ಮನೆಯೊಳಗೆ ಬಿಸಿಲು ಬೀಳುವ ದಕ್ಷಿಣದ ಕಿಟಕಿಯಲ್ಲಿ ಇಡಲಿ. ಮೇ ಕೊನೆಯಲ್ಲಿ ಕುಂಡವನ್ನೇ ಹೊರಗಿಟ್ಟರೆ, ಸುಮಾರು ಆರು ವಾರ ಗಳಿಸಿದಂತಾಯಿತು. ನನ್ನ ಅಭಿಪ್ರಾಯದಲ್ಲಿ ಶಿಕಾಗೊದಂಥ ಊರಿಗೆ ಸುಗಂಧರಾಜವನ್ನು ಬೆಳೆಯುವ ಸರಿಯಾದ ಕ್ರಮ ಇದೊಂದೇ. ಅಕ್ಟೋಬರ್‌ನಲ್ಲಿ ನೀರು ನಿಲ್ಲಿಸಿ, ಎಲೆ ಒಣಗಿದ ಮೇಲೆ ಕುಂಡವನ್ನು ಹಾಗೆಯೇ ಒಳಗೆ ತಂದು ಒಂದು ಕಪಾಟಿನ ಮೂಲೆಯಲ್ಲಿ ಮಾರ್ಚ್‌ವರೆಗೆ ಒಣಗಿಸಿ ಬಿಟ್ಟರೆ, ಅಗೆಯುವ, ತೊಳೆಯುವ, ಪೆಟ್ಟಿಗೆ ತುಂಬುವ ಗೋಜೇ ಇಲ್ಲ. ಬಣ್ಣದ ಎಲೆಯ ಕೆಲಾಡಿಯಂಗೂ ಇದೇ ಸುಖ, ಅದಂತೂ 15 ಡಿಗ್ರಿಗಿಂತ ಕೆಳಗಿನ ಜಾಗದಲ್ಲಿ ಉಳಿಯುವುದಿಲ್ಲ. ಕ್ಯಾನಾ ಬೆಳೆಯುವ ಆಸೆಯಿದ್ದರೆ ಅದನ್ನು ಡೇಲಿಯಾದ ಸಾಲಿಗೆ ಸೇರಿಸಿ. ಕುಂಡದ ಪದ್ಧತಿಯಲ್ಲಿ ತೊಡಕುಗಳೂ ಉಂಟು: ಭಾರ, ಜಾಗ, ಮಣ್ಣಿನೊಡನೆ ಮನೆಗೆ ಬರುವ ಹುಳ, ಮತ್ತು ಪಾಪವೆಂದು ಯಾರಾದರೂ ಜನವರಿಯಲ್ಲಿ ಒಂದು ಲೋಟ ನೀರು ಹಾಕುವ ಅಪಾಯ. ಈ ಕೊನೆಯದನ್ನು ಹಾಸ್ಯವೆಂದು ತಿಳಿಯಬೇಡಿ. ಮಲಗಿದ ಗೆಡ್ಡೆಗಳು ಹೀಗೆ ಅಕ್ಕರೆಯಿಂದಲೇ ಸತ್ತದ್ದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇದ್ಯಾವುದೂ ಬೇಡ ಎನ್ನುವವರು ಪ್ರತಿ ವಸಂತದಲ್ಲಿ ಹೊಸ ಗೆಡ್ಡೆ ಕೊಳ್ಳುತ್ತಾರೆ. ಗ್ಲಾಡಿಯೋಲಸ್ ಮಟ್ಟಿಗೆ ಅದು ತಪ್ಪೂ ಅಲ್ಲ, ದುಬಾರಿಯೂ ಅಲ್ಲ.

ನಮ್ಮ ಊರಿನ ಮಾತಿಗೆ ಬರೋಣ. ಮಂಡ್ಯ, ಮೈಸೂರಿನಲ್ಲಿ ಚಳಿಗೆ ಹೆದರಿ ಗೆಡ್ಡೆ ಅಗೆಯುವ ಅಗತ್ಯ ಎಂದಿಗೂ ಇಲ್ಲ. ಇಲ್ಲಿ ಗೆಡ್ಡೆಯನ್ನು ಕೊಲ್ಲುವುದು ನೀರು. ಅದರಲ್ಲೂ ಗಿಡ ಮಲಗಿರುವಾಗ ಬೀಳುವ ಮಳೆ ಮತ್ತು ನಾಲೆ ಬಯಲಿನ ಕಪ್ಪುಮಣ್ಣಿನಲ್ಲಿ ನಿಲ್ಲುವ ತೇವ. ನಮ್ಮ ಜಿಲ್ಲೆಗಳಲ್ಲಿ ಮಳೆ ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಜೋರಾಗುತ್ತದೆ. ಹೂ ಮುಗಿದು ಕಾಂಡ ಒಣಗಿದ ಡೇಲಿಯಾ ಗೆಡ್ಡೆ ಮೇ ಮಳೆಗೆ ನೆಲದಲ್ಲಿ ಸಿಕ್ಕಿಬಿದ್ದರೆ ಕೊಳೆಯುತ್ತದೆ. ಆದ್ದರಿಂದ ಅದನ್ನು ಅದಕ್ಕೆ ಮುಂಚೆ ಎತ್ತಿ, ಹಳೆಯ ಮಣ್ಣಿನ ಮಡಕೆಯಲ್ಲಿ ತುಸು ತೇವದ ಮರಳಿನ ನಡುವೆ ಹೂಳಿ, ಮನೆಯ ಅತ್ಯಂತ ತಂಪಾದ ನೆರಳಿನಲ್ಲಿ ಇಡಿ. ಗ್ಲಾಡಿಯೋಲಸ್ ವಿಷಯದಲ್ಲಿ ನೀವು ಈ ಸಲ ಮಾಡಿದ್ದೇ ಸರಿ: ಒಣಗಿಸಿ, ಕಾಗದದಲ್ಲಿ ಸುತ್ತಿ, ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಮೂರು ತಿಂಗಳು, ಹಣ್ಣುಗಳಿಂದ ದೂರ. ಸುಗಂಧರಾಜವನ್ನು ಪ್ರತಿ ವರ್ಷ ಕದಲಿಸಲೇಬೇಡಿ. ಎರಡು–ಮೂರು ವರ್ಷಕ್ಕೆ ಬುಡ ಗಿಜಿಗುಟ್ಟಿ, ಕಡ್ಡಿ ಗಿಡ್ಡವಾದಾಗ ಮಾತ್ರ ಎತ್ತಿ ಬಿಡಿಸಿ, ನೆರಳಿನಲ್ಲಿ ಒಂದು ತಿಂಗಳು ಹರಡಿ, ದಪ್ಪ ಗೆಡ್ಡೆಗಳನ್ನು ಬೇರೆ ಪಾತಿಯಲ್ಲಿ ನೆಡಿ. ಎತ್ತಿದಾಗ ಬೇರಿನ ಮೇಲೆ ಮಣಿಯಂಥ ಗಂಟುಗಳು ಕಂಡರೆ ಅದು ಜಂತುಹುಳುವಿನ ಕೆಲಸ. ಅಂಥ ಬುಡದ ಗೆಡ್ಡೆಯನ್ನು ಯಾರಿಗೂ ಹಂಚಬೇಡಿ.

ಇಲ್ಲಿಂದ ಗೆಡ್ಡೆ ಒಯ್ಯುವ ಆಸೆ ನನಗೆ ಅರ್ಥವಾಗುತ್ತದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಪ್ರಜ್ವಲ್, ಶೃಂಗಾರ್‌ನಂಥ ಒಂಟಿ ಎಸಳಿನ ತಳಿಗಳ ಪರಿಮಳ, ಅಲ್ಲಿನ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ‘ಪರ್ಲ್’ ಎಂಬ ಜೋಡಿ ಎಸಳಿನ ಹೂವಿಗಿಂತ ನಮ್ಮ ಮೂಗಿಗೆ ಹತ್ತಿರ. ಆದರೂ ಬೇಡ. ನೆಡುವ ಗೆಡ್ಡೆಗಳನ್ನು ಅಮೆರಿಕಕ್ಕೆ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದಿಲ್ಲದೆ ಪೆಟ್ಟಿಗೆಯಲ್ಲಿ ಸಿಕ್ಕರೆ ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರೆ, ಘೋಷಿಸದೆ ಒಯ್ದಿದ್ದರೆ ದಂಡವನ್ನೂ ಹಾಕಬಹುದು. ಮಣ್ಣಿನ ಕಣ ಅಂಟಿದ್ದರಂತೂ ಮಾತೇ ಇಲ್ಲ, ನಾನು ಮೇಲೆ ಹೇಳಿದ ಜಂತುಹುಳುವೂ ಹೀಗೆಯೇ ಊರು ಸುತ್ತುವುದು. ಒಂಟಿ ಎಸಳಿನದು ‘ಮೆಕ್ಸಿಕನ್ ಸಿಂಗಲ್’ ಎಂಬ ಹೆಸರಿನಲ್ಲಿ ಅಲ್ಲಿಯೂ ದೊರೆಯುತ್ತದೆ, ಮಗಳು ಈಗಲೇ ಹುಡುಕಲಿ.

ಇನ್ನು ಅವಳು ಎಸೆಯದೆ ಇಟ್ಟಿರುವ ಆ ಎರಡು ಡೇಲಿಯಾ ಗೊಂಚಲು. ಗೆಡ್ಡೆ ಸುಕ್ಕಾಗಿದ್ದರೂ ಕತ್ತು ಮತ್ತು ಕಾಂಡದ ಬುಡ ಗಟ್ಟಿಯಾಗಿದ್ದು, ಉಗುರಿನಿಂದ ಕೆರೆದಾಗ ಒಳಗೆ ಬಿಳುಪು ಕಂಡರೆ ಆಸೆ ಬಿಡಬೇಡಿ. ಉಗುರುಬೆಚ್ಚನೆಯ ನೀರಿನಲ್ಲಿ ಮೂರು–ನಾಲ್ಕು ಗಂಟೆ ಬಿಟ್ಟು, ತೇವದ ತೆಂಗಿನ ನಾರಿನ ಪುಡಿ ತುಂಬಿದ ಕುಂಡದಲ್ಲಿ ಕತ್ತು ಮೇಲೆ ಕಾಣುವಂತೆ ಕೂರಿಸಿ, 20 ಡಿಗ್ರಿಯಷ್ಟು ಬೆಚ್ಚಗಿನ ಕಡೆ ಇಡಲಿ. ಮೊಳಕೆ ಕಾಣುವವರೆಗೆ ಮತ್ತೆ ನೀರು ಬೇಡ. ಕಣ್ಣು ಎದ್ದರೆ ಮೂರು–ನಾಲ್ಕು ವಾರದೊಳಗೆ ಏಳುತ್ತದೆ. ನೀವು ಅಲ್ಲಿಗೆ ತಲುಪುವ ಹೊತ್ತಿಗೂ ಏನೂ ಕಾಣದಿದ್ದರೆ ಗೊಬ್ಬರದ ಗುಂಡಿಗೆ ಹಾಕಿ, ಆ ಕುಂಡದಲ್ಲಿ ಸುಗಂಧರಾಜ ನೆಡಿ.